ಸ್ಥಾನ ತಪ್ಪಿದ ಥೈರಾಯ್ಡ್ ಗಂಟುಗಳು

ಕತ್ತಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ಚಿಟ್ಟೆಯ ಆಕಾರದ ಒಂದು ಗ್ರಂಥಿಯಿದೆ. ಅದೇ ಥೈರಾಯ್ಡ್. ಅದು ಸ್ರವಿಸುವ ರಸವು ಮಕ್ಕಳ ಬೆಳವಣಿಗೆಗೂ ಬುದ್ಧಿಯ ವಿಕಾಸಕ್ಕೂ ಅತ್ಯಾವಶ್ಯಕ. ಈ ಗ್ರಂಥಿಯು ಊದಿಕೊಂಡರೆ ಗಳಗಂಡವೆನ್ನುತ್ತೇವೆ. ಆದರೆ ಥೈರಾಯ್ಡಿನ ಗಂಟು ಗ್ರಂಥಿಯ ಹೊರಗೂ ಕಾಣಿಸಿಕೊಳ್ಳುವುದುಂಟು.

ಇದು ಹೇಗೆ? ತಾಯಿಯ ಗರ್ಭದಲ್ಲಿ ಥೈರಾಯ್ಡ್ ಮೊದಲು ಮೂಡುವುದು ನಾಲಗೆಯ ಬುಡದಲ್ಲಿ. ಅಲ್ಲಿಂದ ಅದು ಕೆಳಗಿಳಿದು, ಏಳನೆಯ ವಾರದ ಸುಮಾರಿಗೆ ತನ್ನ ಸ್ಥಾನವನ್ನು ಸೇರುತ್ತದೆ. ಅಪರೂಪಕ್ಕೆ ಅದು ಇಳಿಯದೆ ನಾಲಗೆಯ ಬುಡದಲ್ಲಿಯೇ ನಿಂತುಬಿಡುತ್ತದೆ. ಅಂಥವರಲ್ಲಿ ಬಹುಮಂದಿಗೆ ಆ ಗಂಟಲ್ಲದೆ ಬೇರೆ ಥೈರಾಯ್ಡೇ ಇರುವುದಿಲ್ಲ! ಪರೀಕ್ಷಿಸದೆ ಅದನ್ನು ಕತ್ತರಿಸಿದರೆ ಇದ್ದ ಒಂದೇ ಗ್ರಂಥಿಯನ್ನು ಕಳೆದುಕೊಂಡಂತೆ. ಇಡೀ ಗ್ರಂಥಿಯನ್ನು ತೆಗೆಸಿಕೊಂಡ ರೋಗಿಗಳು ದೇಹ, ಬುದ್ಧಿಗಳೆರಡರಲ್ಲಿಯೂ ಜಡರಾದುದನ್ನು ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡರ್ ಕೋಖರರು 1883ರಲ್ಲಿಯೇ ಪ್ರಕಟಿಸಿದರು. ಥೈರಾಯ್ಡಿನ ಕುರಿತಾದ ಕಾರ್ಯಕ್ಕಾಗಿ 1909ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ಆ ಕೊರತೆಗೆ ಮಾತ್ರೆಯುಂಟು. ಆದರೆ ಅದನ್ನು ಜೀವಮಾನವಿಡೀ ಸೇವಿಸಬೇಕು.

ಕತ್ತಿನ ಪಕ್ಕದಲ್ಲಿ ಕಾಣುವ ಥೈರಾಯ್ಡ್ ಗಂಟಿನ ಮಾತೇ ಬೇರೆ. ಇದು ಕೂಡ ಹುಟ್ಟಿನಿಂದಲೇ ದಾರಿ ತಪ್ಪಿದ, ನಿರಪಾಯವಾದ ಗಂಟೆಂದು ವೈದ್ಯರು ಹಿಂದೆ ಭಾವಿಸಿದ್ದರು. ಇಂಥವುಗಳಲ್ಲಿ ಹೆಚ್ಚಿನವು, ಮುಖ್ಯ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರು ಕತ್ತಿನ ದುಗ್ಧಗ್ರಂಥಿಗಳಿಗೆ ಹರಡಿದುದರ ಗುರುತೆಂದು ಅನಂತರ ತಿಳಿದುಬಂದಿತು. ಮೂಲವು ಕೈಗೆ ಸಿಗದಷ್ಟು ಸಣ್ಣದಾಗಿರಬಹುದು. ಪಕ್ಕದ ಗಂಟನ್ನಷ್ಟೇ ತೆಗೆದರೆ ಕೊಂಬೆ ಕಡಿದು ಬೇರನ್ನು ಉಳಿಸಿದಂತಾಗುತ್ತದೆ. ಹೀಗೆ ಒಂದೆಡೆ ಅವಸರದ ಶಸ್ತ್ರಚಿಕಿತ್ಸೆಯೂ, ಇನ್ನೊಂದೆಡೆ ಅಪೂರ್ಣ ಶಸ್ತ್ರಚಿಕಿತ್ಸೆಯೂ ಹಾನಿಕರ.

ಆದರೂ ಭಯಪಡಬೇಕಾಗಿಲ್ಲ. ಕತ್ತಿನ ಗಂಟುಗಳೆಲ್ಲವೂ ಥೈರಾಯ್ಡಿನವಲ್ಲ. ಮಕ್ಕಳಲ್ಲಿ ಗಂಟಲುನೋವಿನಿಂದಲೂ ಕ್ಷಯದಿಂದಲೂ ಗಂಟುಗಳೇಳುತ್ತವೆ. ಥೈರಾಯ್ಡಿನ ಕ್ಯಾನ್ಸರಿನಲ್ಲಿಯೂ ಸಾಮಾನ್ಯವಾದ ಬಗೆಯು, ಸಕಾಲದಲ್ಲಿ ಚಿಕಿತ್ಸೆ ದೊರೆತರೆ, ಬಹುಮಟ್ಟಿಗೆ ಗುಣವಾಗುತ್ತದೆ.

ನಾವು ವೈದ್ಯರಲ್ಲ, ಉಪಾಧ್ಯಾಯರು. ಆದರೂ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಪಾಲಕರಲ್ಲಿ ನಮ್ಮ ವಿನಂತಿಯಿಷ್ಟೆ: ಮಗುವಿನ ಕತ್ತಿನ ಗಂಟು ಎರಡು ಮೂರು ವಾರಗಳಲ್ಲಿ ಕರಗದಿದ್ದರೆ ಬರೆ ಹಾಕಿಸದೆ, ಲೇಪ ಹಚ್ಚುತ್ತ ಕಾಲ ಕಳೆಯದೆ, ಆಸ್ಪತ್ರೆಗೆ ಕರೆದೊಯ್ಯಿರಿ. ಅವಶ್ಯವೆನಿಸಿದರೆ ಅಲ್ಲಿಯ ವೈದ್ಯರು ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಕಳುಹಿಸುವರು. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಸೂಜಿಯ ಪರೀಕ್ಷೆಗಳಿಂದ ಗಂಟಿನ ಸ್ವರೂಪವು ತಿಳಿಯುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು, “ಥೈರಾಯ್ಡ್ ತನ್ನ ಸ್ಥಾನದಲ್ಲಿದೆಯೇ? ಅದರಲ್ಲಿ ದೋಷವೇನಾದರೂ ಇದೆಯೇ?” ಎಂದು ಕೇಳಲು ಸಂಕೋಚಪಡಬೇಡಿರಿ. ವಿದ್ಯಾರ್ಥಿಗಳೇ, ಗಂಟು ಕಂಡರೆ ಮುಚ್ಚಿಡದೆ ಮನೆಯಲ್ಲಿ ಹಿರಿಯರಿಗೆ ತಿಳಿಸಿರಿ.