ಒಡೆದ ಕಲ್ಲಿನ ನಾಲ್ಕು ಅಕ್ಷರ: ‘ಜರ್ಮನ್’ ಪದ ಎಷ್ಟು ಹಳೆಯದು?

ರೋಮಿನ ಕ್ಯಾಪಿಟೋಲಿನ್ ಮ್ಯೂಸಿಯಂನಲ್ಲಿ ‘ಫಾಸ್ತಿ’ ಎಂಬ ಅಮೃತಶಿಲೆಯ ಶಾಸನದ ತುಂಡುಗಳಿವೆ. ಯಾವ ವರ್ಷ ಯಾರು ಕಾನ್ಸಲ್ ಆಗಿದ್ದರು, ಯಾರನ್ನು ಗೆದ್ದು ವಿಜಯೋತ್ಸವ ಆಚರಿಸಿದರು ಅನ್ನೋ ಪಟ್ಟಿ ಅದು. ಕ್ರಿ.ಪೂ. 222ರ ಸಾಲಿನಲ್ಲಿ ಮಾರ್ಕೆಲ್ಲಸ್ ಎಂಬ ಕಾನ್ಸಲ್‌ನ ಹೆಸರಿದೆ. ಆತ ಗೆದ್ದವರು ಇನ್ಸುಬ್ರೆಸ್ ಎಂಬ ಗಾಲರು ಮತ್ತು ‘ಗೆರ್ಮ್...’ ಅಲ್ಲಿಗೆ ಕಲ್ಲು ಒಡೆದಿದೆ. ಉಳಿದಿರುವುದು ನಾಲ್ಕೇ ರೋಮನ್ ಅಕ್ಷರ. ವಿದ್ವಾಂಸರು ಅದನ್ನು ‘ಗೆರ್ಮಾನಿ’, ಅಂದರೆ ಜರ್ಮನರು, ಅಂತ ಪೂರ್ತಿ ಮಾಡಿಕೊಂಡಿದ್ದಾರೆ. ಹಾಗಾದರೆ ಈ ಪದಕ್ಕೆ ಕ್ರಿ.ಪೂ. 3ನೇ ಶತಮಾನದಷ್ಟು ವಯಸ್ಸಾಯಿತು.

ಆದರೆ ಸ್ವಲ್ಪ ನಿಲ್ಲಿ. ಘಟನೆಯ ಕಾಲ ಬೇರೆ, ಕಲ್ಲಿನ ಕಾಲ ಬೇರೆ. ಈ ಪಟ್ಟಿಯನ್ನು ಕೆತ್ತಿಸಿದ್ದು ಅಗಸ್ಟಸ್ ಕಾಲದಲ್ಲಿ, ಯುದ್ಧ ಮುಗಿದು ಸುಮಾರು ಇನ್ನೂರು ವರ್ಷದ ಮೇಲೆ! ಅದೇ ಯುದ್ಧದ ಬಗ್ಗೆ ಕ್ರಿ.ಪೂ. 2ನೇ ಶತಮಾನದಲ್ಲೇ ಬರೆದ ಪೊಲಿಬಿಯಸ್, ಇನ್ಸುಬ್ರೆಸ್ ಜೊತೆ ಸೇರಿ ಕಾದಾಡಿದವರನ್ನು ‘ಗೈಸಾಟೆ’ ಅಂತಾನೆ, ಜರ್ಮನರು ಅನ್ನುವುದಿಲ್ಲ. ನಮ್ಮ ಪ್ರಶಸ್ತಿಗಳಲ್ಲಿ ಹಳೇ ರಾಜರ ಸಾಹಸವನ್ನು ಆಮೇಲಿನವರು ತಮ್ಮ ಕಾಲದ ಮಾತಿನಲ್ಲಿ ಹೇಳುವುದನ್ನು ನೋಡಿದ್ದೀವಲ್ಲ, ಇದೂ ಹಾಗೇ ಇರಬಹುದು ಎಂದು ಹಲವರ ಅನುಮಾನ. ಕೂಟಶಾಸನ ಅಲ್ಲ, ಬರೆದವನ ಕಾಲದ ಹೆಸರು ಹಿಂದಕ್ಕೆ ನುಸುಳಿದ್ದು ಅಷ್ಟೇ. ನನ್ನ ಒಲವೂ ಆ ಕಡೆಗೇ.

ಹೆಸರು ಗಟ್ಟಿಯಾಗಿ ನೆಲೆಯೂರಿದ್ದು ಕ್ರಿ.ಪೂ. 1ನೇ ಶತಮಾನದಲ್ಲಿ, ಸೀಸರನ ಬರಹದಿಂದ. ರೈನ್ ನದಿಯ ಈಚೆಗೆ ಗಾಲರು, ಆಚೆಗೆ ಗೆರ್ಮಾನಿ ಅಂತ ಅವನು ಗೆರೆ ಎಳೆದ. ಕ್ರಿ.ಶ. 98ರಲ್ಲಿ ಟ್ಯಾಸಿಟಸ್ ಹೇಳುವುದು ಇನ್ನೂ ಸ್ವಾರಸ್ಯ: ಈ ಹೆಸರು ಹೊಸದು, ಮೊದಲು ಒಂದು ಬುಡಕಟ್ಟಿಗೆ ಇದ್ದದ್ದು ಆಮೇಲೆ ಎಲ್ಲರಿಗೂ ಹರಡಿತು.

ಇನ್ನು ಅರ್ಥ. ಲ್ಯಾಟಿನ್‌ನಲ್ಲಿ ‘ಗೆರ್ಮಾನುಸ್’ ಅಂದರೆ ಒಡಹುಟ್ಟಿದವನು, ‘ಅಸಲಿ’ ಅಂತಲೂ ಆಗುತ್ತೆ. ಸ್ಪ್ಯಾನಿಷಿನ ‘ಎರ್ಮಾನೊ’ (ಸಹೋದರ) ಅದರದೇ ಕುಡಿ. ಸ್ಟ್ರಾಬೋ ಇದನ್ನೇ ಹಿಡಿದು ‘ಇವರು ಅಸಲಿ ಗಾಲರು, ಅದಕ್ಕೇ ಆ ಹೆಸರು’ ಅಂದ. ಕೇಳೋಕೆ ಚೆನ್ನಾಗಿದೆ, ಆದರೆ ಇವತ್ತು ಯಾರೂ ಅಷ್ಟಾಗಿ ಒಪ್ಪುವುದಿಲ್ಲ.

ಇನ್ನೊಂದು ಜನಪ್ರಿಯ ವಿವರಣೆ: ‘ಗೇರ್’ ಅಂದರೆ ಈಟಿ, ‘ಮನ್’ ಅಂದರೆ ಮನುಷ್ಯ, ಹಾಗಾಗಿ ಈಟಿಯವನು. ಇದು ಬಿದ್ದುಹೋಗುವುದು ಧ್ವನಿಯ ಲೆಕ್ಕದಲ್ಲಿ. ಸೀಸರನ ಕಾಲಕ್ಕೆ ಆ ಪದದಲ್ಲಿ ‘ರ’ ಇರಲಿಲ್ಲ, ‘ಗೈಝ’ ಎಂಬಂಥ ರೂಪವಿತ್ತು. ‘ರ’ ಬಂದದ್ದು ನೂರಾರು ವರ್ಷ ತಡವಾಗಿ. 6ನೇ ಶತಮಾನದ್ದು ಅನ್ನೋ ಕನ್ನಡ ಶಾಸನದಲ್ಲಿ ‘ಪಾಲು’ ಬದಲು ‘ಹಾಲು’ ಕಂಡರೆ ನಾವು ಹುಬ್ಬೇರಿಸುವುದಿಲ್ಲವೇ? ಅದೇ ತರ್ಕ. (ತಮಾಷೆ ಅಂದರೆ, ಈಟಿಯ ನಂಟು ನಿಜವಾಗಿ ಹೇಳುವುದು ಪೊಲಿಬಿಯಸ್‌ನ ಗೈಸಾಟೆಗಳಿಗೆ!) ಕೆಲ್ಟಿಕ್ ಮೂಲದಿಂದ ‘ನೆರೆಯವರು’ ಅಥವಾ ‘ಕೂಗಾಡುವವರು’ ಎಂಬ ವಾದಗಳೂ ಇವೆ, ಯಾವುದೂ ಇತ್ಯರ್ಥ ಆಗಿಲ್ಲ.

ಶಾಸನಗಳಲ್ಲಿ ಮಾತ್ರ ಈ ಪದ ಹೆಚ್ಚಾಗಿ ಸಿಗುವುದು ಗೆದ್ದವರ ಬಿರುದಾಗಿ. ಹೊಯ್ಸಳ ವಿಷ್ಣುವರ್ಧನ ‘ತಲಕಾಡುಗೊಂಡ’ ಆದಂತೆ ರೋಮನ್ನರು ‘ಗೆರ್ಮಾನಿಕುಸ್’ ಆಗುತ್ತಿದ್ದರು. ಕ್ರಿ.ಶ. 113ರ ಟ್ರಾಜನ್ ಸ್ತಂಭದ ಪೀಠದಲ್ಲಿ ಅದನ್ನು ಚುಟುಕಾಗಿ ‘ಗೆರ್ಮ್’ ಅಂತಲೇ ಕೆತ್ತಿದ್ದಾರೆ. ಅಲ್ಲಿ ಕಲ್ಲು ಒಡೆದಿಲ್ಲ, ಅದು ಸಂಕ್ಷೇಪ. ಫಾಸ್ತಿಯ ನಾಲ್ಕು ಅಕ್ಷರ ಓದುವಾಗ ಈ ವ್ಯತ್ಯಾಸ ನೆನಪಿರಲಿ.

ಆ ಜನ ತಮ್ಮನ್ನು ಕರೆದುಕೊಳ್ಳುವುದೇ ಬೇರೆ: ‘ಡಾಯ್ಚ್’. ‘ಜನ’ ಎಂಬರ್ಥದ ಹಳೆಯ ಪದದಿಂದ ಬಂದದ್ದು, ಅಂದರೆ ಜನರ ಮಾತು. ಫ್ರೆಂಚರು ಅಲಮಾನಿ ಬುಡಕಟ್ಟಿನ ಮೇಲೆ ‘ಅಲ್ಮಾಞ್’ ಅಂದರು, ಫಿನ್ನರು ಸ್ಯಾಕ್ಸನ್ನರ ಮೇಲೆ ‘ಸಾಕ್ಸಾ’ ಅಂದರು. ರಷ್ಯನ್ನರ ‘ನೇಮೆತ್ಸ್’ ಪದದ ಮೂಲದಲ್ಲಿ ಇರುವುದು ‘ಮೂಕ’. ಇವರ ಭಾಷೆ ಅವರಿಗೆ ತಿಳಿಯುತ್ತಿರಲಿಲ್ಲ. ನಮಗೆ ಬಂದದ್ದು ಇಂಗ್ಲಿಷ್ ದಾರಿಯ ಲ್ಯಾಟಿನ್ ಹೆಸರು.