ಮಗು ಯಾರದು? ಜೀವನಾಂಶ ಯಾರ ಹೊಣೆ?

ವಿವಾಹ ವಿಚ್ಛೇದನದ ನಂತರ ಮಗುವಿನ ಜೀವನಾಂಶದ ಪ್ರಶ್ನೆ ಬಂದಾಗ ಕೆಲವರು ಎತ್ತುವ ತಕರಾರು ಇದು: “ಈ ಮಗು ನನ್ನದಲ್ಲ, ನಾನೇಕೆ ಹಣ ಕೊಡಬೇಕು?” ಈ ಮಾತು ಆಡುವುದು ಸುಲಭ. ನ್ಯಾಯಾಲಯದಲ್ಲಿ ರುಜುವಾತು ಮಾಡುವುದು ಬಹಳ ಕಷ್ಟ. ಏಕೆಂದು ನೀವು ತಿಳಿದಿರಬೇಕು.

ಊರ್ಜಿತ ವಿವಾಹ ಸಂಬಂಧ ಇರುವಾಗ ಹುಟ್ಟಿದ ಮಗು ಗಂಡನದೇ ಎಂದು ಕಾನೂನು ನಿರ್ಣಾಯಕವಾಗಿ ಭಾವಿಸುತ್ತದೆ. ವಿಚ್ಛೇದನವಾದ 280 ದಿನಗಳೊಳಗೆ ಹುಟ್ಟಿದ ಮಗುವಿಗೂ, ತಾಯಿ ಮರುಮದುವೆಯಾಗದಿದ್ದರೆ, ಇದೇ ನಿಯಮ. 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಮಾಗಿದೆ.

ಹಾಗಾದರೆ ಗಂಡನಿಗೆ ದಾರಿಯೇ ಇಲ್ಲವೇ? ಇದೆ, ಒಂದೇ ಒಂದು. ಗರ್ಭ ನಿಂತಿರಬಹುದಾದ ಕಾಲದಲ್ಲಿ ಪತಿ-ಪತ್ನಿ ಕೂಡಲು ಅವಕಾಶವೇ ಇರಲಿಲ್ಲವೆಂದು ಆತ ತೋರಿಸಬೇಕು. ಆ ತಿಂಗಳುಗಳಲ್ಲೆಲ್ಲ ಆತ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿದ್ದು, ಪತ್ನಿ ಊರಿನಲ್ಲೇ ಇದ್ದಳೆನ್ನಿ. ಪಾಸ್‌ಪೋರ್ಟಿನ ಮುದ್ರೆಗಳು ಸಾಕ್ಷಿಯಾಗಬಹುದು. “ಬೇರೆ ಬೇರೆ ಮನೆಯಲ್ಲಿದ್ದೆವು” ಎಂದರಷ್ಟೇ ಸಾಲದು. ಪತ್ನಿಯ ನಡತೆಯ ಮೇಲಿನ ಸಂಶಯವಂತೂ ಸಾಕ್ಷ್ಯವೇ ಅಲ್ಲ.

ಡಿ.ಎನ್.ಎ. ಪರೀಕ್ಷೆ ಮಾಡಿಸಿಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಕೇಳಿದವರಿಗೆಲ್ಲ ನ್ಯಾಯಾಲಯ ಅದಕ್ಕೆ ಆದೇಶ ಕೊಡುವುದಿಲ್ಲ. ರಕ್ತಪರೀಕ್ಷೆಗೆ ವಾಡಿಕೆಯಂತೆ ಆದೇಶಿಸಲಾಗದೆಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿತು. ತಾಯಿಯ ಮೇಲೆ ವ್ಯಭಿಚಾರದ ಆರೋಪವಿದೆ ಎಂಬ ಕಾರಣಕ್ಕೇ ಮಗುವನ್ನು ಪರೀಕ್ಷೆಗೆ ಒಳಪಡಿಸಬಾರದೆಂದು 2023ರಲ್ಲಿ ಮತ್ತೆ ಸ್ಪಷ್ಟಪಡಿಸಿತು. ಜಗಳ ದೊಡ್ಡವರದು, ಕಳಂಕ ಹೊರುವುದು ಮಗು.

ಆದರೂ ವಿಜ್ಞಾನಕ್ಕೆ ಬೆಲೆಯಿಲ್ಲವೆಂದಲ್ಲ. ಜೀವನಾಂಶದ ಒಂದು ಮೊಕದ್ದಮೆಯಲ್ಲಿ, ಎರಡು ಡಿ.ಎನ್.ಎ. ವರದಿಗಳೂ ಆತ ತಂದೆಯಲ್ಲವೆಂದು ತೋರಿಸಿದಾಗ, 2014ರಲ್ಲಿ ಸುಪ್ರೀಂ ಕೋರ್ಟು ಆತನನ್ನು ಮಗುವಿನ ಜೀವನಾಂಶದ ಹೊಣೆಯಿಂದ ಬಿಡಿಸಿತು. ಆದರೆ ಆಗಲೇ ಕೊಟ್ಟಿದ್ದ ಹಣವನ್ನು ಮರಳಿ ವಸೂಲು ಮಾಡಕೂಡದೆಂದೂ ಹೇಳಿತು.

ಆದ್ದರಿಂದ ತಕರಾರು ನಿಜವಾಗಿದ್ದರೆ ಕುಟುಂಬ ನ್ಯಾಯಾಲಯಕ್ಕೆ ಸಲ್ಲಿಸುವ ಮೊದಲ ಹೇಳಿಕೆಯಲ್ಲೇ ದಿನಾಂಕ, ದಾಖಲೆಗಳೊಂದಿಗೆ ಎತ್ತಿರಿ. ತಕರಾರು ಹೂಡಿದ ಮಾತ್ರಕ್ಕೆ ಜೀವನಾಂಶ ನಿಲ್ಲಿಸಬೇಡಿ. ಆದೇಶ ಇರುವಷ್ಟು ದಿನ ಹಣ ಕಟ್ಟಲೇಬೇಕು; ಸಕಾರಣವಿಲ್ಲದೆ ತಪ್ಪಿದರೆ ಸೆರೆವಾಸವೂ ಆಗಬಹುದು.

ತಾಯಂದಿರೇ, ನೀವೂ ಗಮನಿಸಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಂತೆ ಯಾವುದೇ ಧರ್ಮದ ಅಪ್ರಾಪ್ತ ಮಗುವಿಗೆ ತಂದೆಯಿಂದ ಜೀವನಾಂಶ ಕೇಳಬಹುದು. ಮಗು ವಿವಾಹದ ಹೊರಗೆ ಹುಟ್ಟಿದ್ದರೂ ಈ ಹಕ್ಕಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ಜಾರಿಯಾದ 60 ದಿನಗಳಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ, ಇತ್ಯರ್ಥಪಡಿಸಬೇಕು. ಬಾಕಿ ಉಳಿದರೆ 1 ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಿರಿ. ತಡಮಾಡಿದರೆ ಹಣ ಕೈತಪ್ಪೀತು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಿ ಕೂರಬೇಡಿ. ಮಹಿಳೆಯರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ. ದೂರವಾಣಿ ಸಂಖ್ಯೆ 15100ಕ್ಕೆ ಕರೆಮಾಡಿಯೂ ವಿಚಾರಿಸಬಹುದು.