ಮೈಸೂರಿನ ಚೆಂಡು, ರಿಯಾದ್‌ನ ಕಪ್

ಪ್ರಶ್ನೆ: ಕ್ರಿಕೆಟ್ ಬಿಡಿ, ಫುಟ್‌ಬಾಲ್‌ನಲ್ಲಿ ನಮ್ಮ ರಾಜ್ಯ ತಂಡ ಏನಾದರೂ ಸಾಧಿಸಿದೆಯೇ?
– ಓದುಗರು, ದೇಗಾಂವ

ಉತ್ತರ: ಸಾಧಿಸಿದೆ, ಅದೂ ಬಂಗಾಳದಂಥ ತಂಡವನ್ನು ಮಣಿಸಿ! ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ 1941ರಲ್ಲಿ ಶುರುವಾಯಿತು. ಆಗ ಮೈಸೂರು ಎಂಬ ಹೆಸರಿದ್ದ ನಮ್ಮ ತಂಡ ಅದನ್ನು 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತು. ಮೊದಲ ಎರಡು ಗೆಲುವಿನ ಹೊತ್ತಿಗೆ ನಿಮ್ಮೂರು ಇನ್ನೂ ಮುಂಬಯಿ ಆಡಳಿತದಲ್ಲಿತ್ತು. ಏಕೀಕರಣದ ನಂತರದವು ನಿಮ್ಮವೂ ಹೌದು.

ಆ ಕಾಲದ ಬೆಂಗಳೂರಿನ ಹುಡುಗರನ್ನು ನೆನೆದರೆ ಈಗಲೂ ಎದೆಯುಬ್ಬುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಆಡಿದರು. ಫ್ರಾನ್ಸ್ ಎದುರು 2-1ರಿಂದ ಸೋತರೂ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಹೊಡೆದದ್ದು. 1952ರಲ್ಲಿ ಹೆಲ್ಸಿಂಕಿಯಲ್ಲಿ ಭಾರತದ ಏಕೈಕ ಗೋಲು ಅಹ್ಮದ್ ಖಾನ್ ಅವರದು, ಅವರೂ ಬೆಂಗಳೂರಿನವರೇ.

1968-69ರ ಗೆಲುವಿನ ನಂತರ ಸಂತೋಷ್ ಟ್ರೋಫಿಯಲ್ಲಿ ದೀರ್ಘ ಬರಗಾಲ. ಅದು ನೀಗಿದ್ದು 2023ರ ಮಾರ್ಚ್ 4ರಂದು, ಸೌದಿಯ ರಿಯಾದ್‌ನಲ್ಲಿ ಮೇಘಾಲಯದ ಎದುರು ನಡೆದ ಫೈನಲ್‌ನಲ್ಲಿ. ಎರಡನೇ ನಿಮಿಷದಲ್ಲೇ ಸುನಿಲ್ ಕುಮಾರ್ ಗೋಲು ಹೊಡೆದರು. ಮೇಘಾಲಯ ಸಮ ಮಾಡಿತು. ಬೇಕೆ ಓರಂ, ರಾಬಿನ್ ಯಾದವ್ ಮತ್ತೆರಡು ಸೇರಿಸಿದರು. ಕೊನೆಗೆ 3-2. ಕರ್ನಾಟಕ ಎಂಬ ಹೆಸರಿನಲ್ಲಿ ನಾವು ಗೆದ್ದ ಮೊದಲ ಸಂತೋಷ್ ಟ್ರೋಫಿ ಅದೇ.